‘ಎಂಬಿಎ ಯಾಕೆ?’ ಅಂದ್ರೆ ಟೊಮೆಟೊ ಮಂಡಿ ವಿಷಯ ಹೇಳಬಹುದಾ?

ಕೋಲಾರದಿಂದ ಪ್ರಶ್ನೆ: ಬಿಇ ಆಗಿದೆ, ನರಸಾಪುರದ ಫ್ಯಾಕ್ಟರಿಯಲ್ಲಿ ಎರಡು ವರ್ಷದಿಂದ ಕ್ವಾಲಿಟಿ ಕೆಲಸ. ಮನೇಲಿ ಟೊಮೆಟೊ ಬೆಳೀತಾರೆ. ಎಂಬಿಎ ಪ್ರವೇಶ ಪರೀಕ್ಷೆ ಕ್ಯಾಟ್ ಆಯ್ತು, ಮುಂದಿನ ತಿಂಗಳು ಇಂಟರ್‌ವ್ಯೂ. ‘ಎಂಬಿಎ ಯಾಕೆ’ ಅಂದ್ರೆ ‘ಲೀಡರ್‌ಶಿಪ್ ಕಲಿಯೋಕೆ’ ಅಂತಷ್ಟೇ ಬಾಯಿಗೆ ಬರುತ್ತೆ. ಅಣ್ಣ-ಅಕ್ಕಂದಿರು ಹೇಳಿಕೊಡಿ.

– ಲೀಡರ್‌ಶಿಪ್ ಬಿಡಪ್ಪಾ, ನಿನ್ನ ಮುಂದೆ ಹೋದವರೂ ಅದನ್ನೇ ಹೇಳಿರ್ತಾರೆ. ಕೆಲಸದಲ್ಲಿ ನಿನ್ನ ಕೈಲಿ ತೀರ್ಮಾನ ಆಗದೆ ಮೇಲಕ್ಕೆ ಹೋದ ಒಂದೇ ಒಂದು ವಿಷಯ ಹಿಡ್ಕೊ. ಒಂದು ಲಾಟ್ (ಒಟ್ಟಿಗೆ ಬಂದ ಪಾರ್ಟ್‌ಗಳು) ರಿಜೆಕ್ಟ್ ಆಯ್ತು ಅಂತಿಟ್ಕೊ. ಪಾರ್ಟ್ ಅಳತೆ ಮೀರಿದೆ ಅಂತ ನೀನು ಹೇಳಬಲ್ಲೆ. ಲೈನ್ ನಿಲ್ಲಿಸಿದ್ರೆ ಎಷ್ಟು ನಷ್ಟ, ರೀವರ್ಕ್‌ಗೆ ಎಷ್ಟು, ಸಪ್ಲೈಯರ್ ಬದಲಿಸಿದ್ರೆ ಎಷ್ಟು, ಆ ಲೆಕ್ಕ ನಿನಗೆ ಬರಲ್ಲ. ಅದಕ್ಕೇ ಕಾಸ್ಟ್ ಅಕೌಂಟಿಂಗ್, ಆಪರೇಷನ್ಸ್ ಬೇಕು ಅನ್ನು. ಒಂದೂವರೆ ನಿಮಿಷ ದಾಟಬೇಡ. ‘ಎಂಟೆಕ್ ಯಾಕೆ ಬೇಡ?’ ಅಂತಲೂ ಕೇಳ್ತಾರೆ: ಪಾರ್ಟ್ ಯಾಕೆ ಕೆಟ್ಟಿತು ಅನ್ನೋದು ಎಂಟೆಕ್, ಕೆಟ್ಟ ಮೇಲೆ ಏನು ಮಾಡಿದ್ರೆ ನಷ್ಟ ಕಮ್ಮಿ ಅನ್ನೋದು ಎಂಬಿಎ.

– ಮಂಡಿ ವಿಷಯ ಹೇಳಿ, ಆದ್ರೆ ಹುಷಾರು. ಬಾಯಿಂದ ಬಿದ್ದ ಪ್ರತಿ ಮಾತನ್ನೂ ಕೆದಕ್ತಾರೆ. ‘ಕೋಲ್ಡ್ ಸ್ಟೋರೇಜ್ ಕಟ್ತೀನಿ’ ಅಂದ್ರೆ ‘ಎಷ್ಟು ಡಿಗ್ರಿ?’ ಅಂತಾರೆ. ಕಾಯಿ ಟೊಮೆಟೊ 10 ಡಿಗ್ರಿಗಿಂತ ಕೆಳಗೆ ಹೆಚ್ಚು ದಿನ ಇಟ್ರೆ ನೆಟ್ಟಗೆ ಹಣ್ಣಾಗಲ್ಲ, ಮಚ್ಚೆ ಬಿದ್ದು ಕೊಳೆಯುತ್ತೆ. ಆಲೂಗಡ್ಡೆ ಥರ ತಿಂಗಳುಗಟ್ಟಲೆ ಇಡೋ ಮಾಲಲ್ಲ. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತಲ್ಲ, ಯಾಕೆ ಏರಿತು, ಯಾಕೆ ಬಿತ್ತು, ಎರಡೂ ಗೊತ್ತಿರಲಿ. ಸಸಿ, ಮಲ್ಚಿಂಗ್ ಪೇಪರ್, ಕಡ್ಡಿ, ಔಷಧಿ, ಕೂಲಿ, ಗಾಡಿ ಬಾಡಿಗೆ, ಕಮಿಷನ್ ಎಲ್ಲ ಸೇರಿ ಬಾಕ್ಸಿಗೆ ಎಷ್ಟು ಬೀಳುತ್ತೆ ಅಂತ ಅಪ್ಪನ ಹತ್ರ ಕೂತು ಬರ್ಕೊಳ್ಳಿ.

– ಮೇಲಿನವರ ಮಾತಿಗೆ ಒಂದು ಸೇರಿಸ್ತೀನಿ. ಅಹಮದಾಬಾದ್, ಲಕ್ನೋ ಐಐಎಂಗಳಲ್ಲಿ ಕೃಷಿ ವ್ಯವಹಾರಕ್ಕೇ ಬೇರೆ ಕೋರ್ಸ್ ಇದೆ. ಟೊಮೆಟೊ ಮುಂದಿಟ್ರೆ ‘ಅಲ್ಲಿಗೆ ಯಾಕೆ ಹೋಗಲ್ಲ?’ ಅಂತ ಸಿಕ್ಕಿಸ್ತಾರೆ. ಸಾಮಾನ್ಯ ಎಂಬಿಎ ಆದ್ರೆ ಫ್ಯಾಕ್ಟರಿ ಮುಂದೆ ಇರಲಿ, ಮಂಡಿ ಅವರೇ ಕೇಳಿದಾಗ ಬರಲಿ. ಸಂಬಳಕ್ಕಾ ಅಂತ ಕೇಳಿದ್ರೆ ‘ಅಲ್ಲವೇ ಅಲ್ಲ’ ಅನ್ನಬೇಡಿ, ಯಾರೂ ನಂಬಲ್ಲ.

– ಬಾಯಿಪಾಠ ಬೇಡ ತಮ್ಮಾ, ಮಧ್ಯೆ ತಡೆದ್ರೆ ಮುಂದಿನ ಸಾಲು ನೆನಪಾಗಲ್ಲ. ಚೀಟಿಯಲ್ಲಿ ನಾಲ್ಕೇ ಪದ ಬರ್ಕೊ: ಲಾಟ್, ನಷ್ಟ, ಲೆಕ್ಕ, ಸಪ್ಲೈಯರ್. ದಿನಾ ಅದನ್ನ ನೋಡಿ ಇಂಗ್ಲಿಷಲ್ಲಿ ಬೇರೆ ಬೇರೆ ಥರ ಹೇಳಿ ಫೋನಲ್ಲಿ ರೆಕಾರ್ಡ್ ಮಾಡ್ಕೊ. ಅಂದಹಾಗೆ ನಮ್ಮ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿಯಲ್ಲಿ ಸಿಗೋ ಎಂಬಿಎ ಸೀಟಿಗೆ ಇದ್ಯಾವುದೂ ಬೇಕಿಲ್ಲ, ಅಲ್ಲಿ ರ‍್ಯಾಂಕ್ ನೋಡಿ ಸೀಟು ಕೊಡ್ತಾರೆ.