ಮನೆಯ ಗಾಳಿಯಂತ್ರದ ನಡುಕ ಮತ್ತು ಸದ್ದು: ಬೇರಿಂಗ್ ಬದಲಿಸುವ ಮೊದಲು ನೋಡಬೇಕಾದದ್ದು

ಪ್ರಶ್ನೆ (ಗದಗ ಜಿಲ್ಲೆಯ ಸದಸ್ಯರು): ಸರ್, ನಮಸ್ಕಾರ. ಕಪ್ಪತಗುಡ್ಡದ ಕಡೆಗಿರುವ ನಮ್ಮ ಹೊಲದ ಮನೆಯ ತಾರಸಿಯ ಮೇಲೆ 6 ಮೀಟರ್ ಪೈಪಿನ ಕಂಬ ನಿಲ್ಲಿಸಿ, ಗಾಳಿಯಿಂದ ವಿದ್ಯುತ್ ಮಾಡುವ 1 ಕಿಲೋವಾಟಿನ ಮೂರು ರೆಕ್ಕೆಯ ಗಾಳಿಯಂತ್ರವನ್ನು ಎರಡು ವರ್ಷದ ಹಿಂದೆ ಕೂರಿಸಿದ್ದೇವೆ. ಕಂಬವನ್ನು ಪ್ಯಾರಪೆಟ್ ಗೋಡೆಗೆ ಕ್ಲ್ಯಾಂಪ್ ಹಾಕಿ ಬಿಗಿದಿದ್ದಾರೆ, ಕಂಬವನ್ನು ಸುತ್ತಲಿಂದ ಎಳೆದು ಹಿಡಿಯುವ ಸ್ಟೇ ವೈರ್ ಇಲ್ಲ. ಗಾಳಿ ಮಧ್ಯಮವಾಗಿದ್ದಾಗ ಮನೆಯೆಲ್ಲ ಗುಂಯ್‌ಗುಟ್ಟಿ ಅಡುಗೆಮನೆಯ ಸ್ಟೀಲ್ ತಟ್ಟೆಗಳು ಅದುರುತ್ತವೆ. ಆಷಾಢದ ಜೋರು ಗಾಳಿಯಲ್ಲಿ ಮಾತ್ರ, ಆಶ್ಚರ್ಯವೆಂಬಂತೆ, ನಡುಕ ಕಡಿಮೆಯಾಗುತ್ತದೆ. ಇದು ಮೊದಲಿನಿಂದಲೂ ಇದೆ. ಹದಿನೈದು ದಿನಗಳಿಂದ ಮತ್ತೊಂದು ತೊಂದರೆ ಸೇರಿಕೊಂಡಿದೆ: ಸಣ್ಣ ಗಾಳಿಯಲ್ಲೂ ಯಂತ್ರ ಗರಗರ ಎನ್ನುತ್ತಾ, ಯಾರೋ ಹಿಂದಿನಿಂದ ಹಿಡಿದುಕೊಂಡಂತೆ ನಿಧಾನವಾಗಿ ತಿರುಗುತ್ತದೆ. ಮೋಟಾರ್ ರಿವೈಂಡಿಂಗ್ ಅಂಗಡಿಯವರು ಬೇರಿಂಗ್ ಹೋಗಿದೆ ಎನ್ನುತ್ತಾರೆ. ಬಿಚ್ಚಿಸಲೇ?

ಉತ್ತರ (ಎಂಜಿನಿಯರ್): ಸದ್ಯಕ್ಕೆ ಬಿಚ್ಚಿಸಬೇಡಿ. ನೀವು ಹೇಳಿರುವುದು ಒಂದು ರೋಗದ ಎರಡು ಲಕ್ಷಣಗಳಲ್ಲ, ಎರಡು ಬೇರೆ ಬೇರೆ ರೋಗಗಳು. ಎರಡನ್ನೂ ಬೇರಿಂಗಿನ ತಲೆಗೆ ಕಟ್ಟಿದರೆ ಹಣವೂ ಹೋಗುತ್ತದೆ, ಸದ್ದೂ ಉಳಿಯುತ್ತದೆ. ಸದ್ದು ಎಂಥದು ಎನ್ನುವುದಕ್ಕಿಂತ ಅದು ಯಾವಾಗ ಬರುತ್ತದೆ ಎನ್ನುವುದೇ ಮುಖ್ಯ. ತಿರುಗುವ ವೇಗದೊಂದಿಗೆ ಬದಲಾಗುವ ನಡುಕಕ್ಕೆ ಕಾರಣವನ್ನು ರೆಕ್ಕೆ ಮತ್ತು ಕಂಬದಲ್ಲಿ ಹುಡುಕಬೇಕು. ಲೋಡ್ (ಯಂತ್ರದ ವಿದ್ಯುತ್ತನ್ನು ಎಳೆದುಕೊಳ್ಳುವ ಬ್ಯಾಟರಿ ಮುಂತಾದವು) ತೆಗೆದೊಡನೆ ನಿಲ್ಲುವ ಸದ್ದಿಗೆ ಕಾರಣ ವಿದ್ಯುತ್ ಭಾಗದಲ್ಲಿರುತ್ತದೆ. ಬೇರಿಂಗ್ ಕೆಟ್ಟಿದ್ದರೆ ಲೋಡ್ ಇದ್ದರೂ ಇಲ್ಲದಿದ್ದರೂ ಗರಗರ ಕೇಳಿಸುತ್ತದೆ, ರೆಕ್ಕೆಯನ್ನು ಕೈಯಲ್ಲಿ ಮೆಲ್ಲನೆ ತಿರುಗಿಸಿದಾಗ ಒರಟುತನ ಬೆರಳಿಗೇ ಗೊತ್ತಾಗುತ್ತದೆ.

ಆದ್ದರಿಂದ ಒಂದು ಪರೀಕ್ಷೆ ಮಾಡಿ. ಗಾಳಿ ತೀರಾ ಕಡಿಮೆಯಿರುವ ಬೆಳಗಿನ ಹೊತ್ತು ಆರಿಸಿಕೊಂಡು, ಬ್ರೇಕ್ ಸ್ವಿಚ್ ಹಾಕಿ ಯಂತ್ರವನ್ನು ನಿಲ್ಲಿಸಿ, ಜನರೇಟರಿನಿಂದ, ಎ.ಸಿ. ವಿದ್ಯುತ್ತನ್ನು ಬ್ಯಾಟರಿಗೆ ಬೇಕಾದ ಡಿ.ಸಿ.ಗೆ ಬದಲಿಸುವ ರೆಕ್ಟಿಫೈಯರ್‌ಗೆ ಬರುವ ಮೂರು ತಂತಿಗಳನ್ನು ಬಿಡಿಸಿ, ತುದಿಗಳು ಒಂದಕ್ಕೊಂದು ತಾಗದಂತೆ ಟೇಪ್ ಸುತ್ತಿ, ಆಮೇಲೆ ಬ್ರೇಕ್ ಬಿಡಿ. ಗರಗರ ನಿಂತಿತೇ ನೋಡಿ. ತಿರುಗುತ್ತಿರುವಾಗ ಮೂರು ತಂತಿಗಳ ಪೈಕಿ ಎರಡೆರಡರ ನಡುವಿನ ಎ.ಸಿ. ವೋಲ್ಟೇಜನ್ನು ಅಳೆಯಿರಿ, ಮೂರೂ ಜೋಡಿಗಳು ಹೆಚ್ಚುಕಡಿಮೆ ಸಮನಾಗಿರಬೇಕು. ಗಾಳಿ ಜೋರಾಗಿದ್ದಾಗ ಈ ಪರೀಕ್ಷೆಯನ್ನು ಯಾವ ಕಾರಣಕ್ಕೂ ಮಾಡಬಾರದು, ಏಕೆಂದರೆ ಲೋಡ್ ಇಲ್ಲದ ರೆಕ್ಕೆಗಳು ಮಿತಿಮೀರಿ ತಿರುಗುತ್ತವೆ, ತಂತಿಯ ವೋಲ್ಟೇಜ್ ಕೂಡ ಅಪಾಯದ ಮಟ್ಟಕ್ಕೆ ಏರುತ್ತದೆ.

ಮರುಪ್ರಶ್ನೆ: ನೀವು ಹೇಳಿದಂತೆ ಮಾಡಿದೆ. ತಂತಿ ಬಿಡಿಸಿದ ಕೂಡಲೇ ಗರಗರ ಪೂರ್ತಿ ನಿಂತು, ರೆಕ್ಕೆಗಳು ಹಗುರವಾಗಿ ತಿರುಗಿದವು. ಮೂರು ಜೋಡಿಗಳ ವೋಲ್ಟೇಜೂ ಸಮನಾಗಿದೆ. ಮತ್ತೆ ಲೋಡ್ ಜೋಡಿಸಿ, ತಟ್ಟೆಗಳು ಹೆಚ್ಚು ಅದುರುವ ಹೊತ್ತಿನಲ್ಲಿ ಮಲ್ಟಿಮೀಟರನ್ನು ಹರ್ಟ್ಸಿಗೆ ಇಟ್ಟು ನೋಡಿದರೆ 32 ಎಂದು ತೋರಿಸಿತು. ಕೈಪಿಡಿಯಲ್ಲಿ 16 ಧ್ರುವಗಳ ಜನರೇಟರ್ ಎಂದಿದೆ.

ಉತ್ತರ: ಗರಗರದ ಪ್ರಶ್ನೆ ಇಲ್ಲಿಗೆ ಬಹುಪಾಲು ಬಗೆಹರಿಯಿತು. ಜನರೇಟರಿನೊಳಗಿನ ತಂತಿ ಸುರುಳಿಗಳು ಸರಿಯಾಗಿವೆ, ಬೇರಿಂಗಿನ ತಪ್ಪಿಲ್ಲ, ಉಳಿದದ್ದು ರೆಕ್ಟಿಫೈಯರ್. ಅದರೊಳಗೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಆರು ಡಯೋಡುಗಳಲ್ಲಿ ಒಂದು ಶಾರ್ಟ್ ಆಗಿ ಎರಡೂ ದಿಕ್ಕಿಗೆ ಬಿಟ್ಟರೂ ಪ್ರತಿ ಸುತ್ತಿನಲ್ಲಿ ಹಲವು ಬಾರಿ ಜನರೇಟರಿಗೆ ಬ್ರೇಕ್ ಹಾಕಿ ಬಿಟ್ಟಂತಾಗುತ್ತದೆ. ಆ ಜಗ್ಗಾಟವೇ ಕಂಬದ ಮೂಲಕ ಇಳಿದು ಗರಗರ ಎಂದು ಕೇಳಿಸುತ್ತದೆ. ಬ್ಯಾಟರಿಯ ಸಂಪರ್ಕವನ್ನೂ ತೆಗೆದು, ಮಲ್ಟಿಮೀಟರಿನ ಡಯೋಡ್ ಸ್ಥಾನದಲ್ಲಿ ಒಂದೊಂದನ್ನೂ ಎರಡೂ ದಿಕ್ಕಿನಲ್ಲಿ ಪರೀಕ್ಷಿಸಿ. ಎರಡೂ ಕಡೆ ಸೊನ್ನೆಯ ಹತ್ತಿರ ತೋರಿಸುವುದೇ ಸತ್ತ ಡಯೋಡ್. ರೆಕ್ಟಿಫೈಯರ್ ಮಾಡ್ಯೂಲ್ ಬದಲಿಸುವಾಗ ಹೀಟ್ ಸಿಂಕಿನ ಮೇಲೆ ಥರ್ಮಲ್ ಪೇಸ್ಟ್ ಹಚ್ಚುವುದನ್ನು ಮರೆಯಬೇಡಿ. ಅದಿಲ್ಲದೆ ಬಿಸಿಯಾಗಿಯೇ ಹಳೆಯದು ಹೋಗಿರಬಹುದು.

ಇನ್ನು ತಟ್ಟೆ ಅದುರುವ ವಿಚಾರ. 16 ಧ್ರುವಗಳೆಂದರೆ 8 ಜೋಡಿ, ಅಂದರೆ ಯಂತ್ರ ಒಂದು ಸುತ್ತು ತಿರುಗಿದರೆ ವಿದ್ಯುತ್ತಿನ 8 ಆವರ್ತನ. 32 ಹರ್ಟ್ಸನ್ನು 8ರಿಂದ ಭಾಗಿಸಿದರೆ ಸೆಕೆಂಡಿಗೆ 4 ಸುತ್ತು, ಅಂದರೆ ನಿಮಿಷಕ್ಕೆ 240. ತುದಿಯಲ್ಲಿ ಭಾರ ಹೊತ್ತ ನಿಮ್ಮ ಕಂಬಕ್ಕೂ ತನ್ನದೇ ಆದ ಒಂದು ತೂಗಾಟವಿದೆ, ಅದು ಸೆಕೆಂಡಿಗೆ 4 ಬಾರಿಯ ಆಸುಪಾಸಿನಲ್ಲಿರಬೇಕೆಂದು ನನ್ನ ಊಹೆ. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಅದು ಏರುತ್ತಲೇ ಹೋಗುವಂತೆ ಇಲ್ಲಿಯೂ ಆಗುತ್ತಿದೆ. ಜೋರು ಗಾಳಿಯಲ್ಲಿ ವೇಗ ಆ ಲಯವನ್ನು ದಾಟಿಬಿಡುವುದರಿಂದ ನಡುಕ ತಗ್ಗುತ್ತದೆ. ಯಂತ್ರ ನಿಂತಿರುವಾಗ ಕಂಬವನ್ನೊಮ್ಮೆ ತಳ್ಳಿಬಿಟ್ಟು, ಮೊಬೈಲಿನ ನಿಧಾನಗತಿಯ ವಿಡಿಯೋದಲ್ಲಿ ತೂಗಾಟವನ್ನು ಎಣಿಸಿದರೆ ಊಹೆ ಸರಿಯೋ ತಪ್ಪೋ ತಿಳಿಯುತ್ತದೆ.

ಆದರೆ ತಳ್ಳುವವರು ಯಾರು? ಸುತ್ತಿಗೊಮ್ಮೆ ತಳ್ಳುವುದು ಸಾಮಾನ್ಯವಾಗಿ ರೆಕ್ಕೆಗಳ ಅಸಮತೋಲ. ಹಬ್ಬಿನ (ರೆಕ್ಕೆಗಳನ್ನು ಜೋಡಿಸುವ ನಡುಭಾಗದ) ನಡುವಿನಿಂದ 1 ಮೀಟರ್ ದೂರದಲ್ಲಿ 10 ಗ್ರಾಂ ಹೆಚ್ಚಿದ್ದರೂ ನಿಮಿಷಕ್ಕೆ 300 ಸುತ್ತಿನಲ್ಲಿ ಸುಮಾರು 1 ಕಿಲೋ ತೂಕದಷ್ಟು ಎಳೆತ ಹುಟ್ಟುತ್ತದೆ. 600 ಸುತ್ತಿನಲ್ಲಿ ಅದು 4 ಕಿಲೋ. ರೆಕ್ಕೆಗಳನ್ನು ಇಳಿಸಿ, ಅಂಟಿದ ಎರೆಮಣ್ಣಿನ ಧೂಳನ್ನು ತೊಳೆದು, ಬಿರುಕು ಇದೆಯೇ, ಒಳಗೆ ಮಳೆನೀರು ಸೇರಿದೆಯೇ ಎಂದು ನೋಡಿ. ಬರೀ ತೂಕ ಸಮನಾದರೆ ಸಾಲದು, ಆ ತೂಕ ಹಬ್ಬಿನಿಂದ ಎಷ್ಟು ದೂರದಲ್ಲಿದೆ ಎಂಬುದೂ ಸಮನಾಗಬೇಕು. ಮೂರನ್ನೂ ಜೋಡಿಸಿದ ಹಬ್ಬನ್ನು ನಡುವಿನಿಂದ ಅಡ್ಡಡ್ಡವಾಗಿ ತೂಗುಹಾಕಿದರೆ ಭಾರದ ಬದಿ ತಾನೇ ವಾಲುತ್ತದೆ. ಹಗುರ ಬದಿಗೆ, ಹಬ್ಬಿನ ಹತ್ತಿರವೇ, ಸೀಸದ ತುಂಡನ್ನು ಸ್ಕ್ರೂ ಹಾಕಿ ಕೂರಿಸಿ. ಮರುಜೋಡಣೆಯಲ್ಲಿ ತುದಿಯಿಂದ ತುದಿಗೆ ಇರುವ ಮೂರು ಅಂತರಗಳನ್ನೂ ಟೇಪಿನಿಂದ ಅಳೆಯಿರಿ.

ಕ್ಲ್ಯಾಂಪಿನ ಕೆಳಗೆ ರಬ್ಬರ್ ಹಾಕಿದರೆ ಸಾಲದೇ ಎಂದು ಮುಂದೆ ನೀವು ಕೇಳಬಹುದು. ಸದ್ದು ಸ್ವಲ್ಪ ತಗ್ಗೀತು, ಕಾರಣ ಹಾಗೆಯೇ ಉಳಿಯುತ್ತದೆ. ತಾರಸಿಯ ಅಂಚಿಗೆ ಬಡಿದು ಮೇಲೇಳುವ ಗಾಳಿ ಸುಳಿಸುಳಿಯಾಗಿರುವುದರಿಂದ ಯಂತ್ರ ಪದೇ ಪದೇ ದಿಕ್ಕು ಬದಲಿಸುತ್ತದೆ. ವಾಸದ ಮನೆಯ ಮೇಲೆ ಗಾಳಿಯಂತ್ರ ಇಡುವುದನ್ನು ನಾನಂತೂ ಒಪ್ಪುವುದಿಲ್ಲ. ಸುತ್ತಲಿನ 100–150 ಮೀಟರಿನೊಳಗಿನ ಮರ, ಮನೆಗಳಿಗಿಂತ ರೆಕ್ಕೆಯ ಕೆಳತುದಿ ಸುಮಾರು 10 ಮೀಟರ್ ಎತ್ತರವಿರುವಂತೆ ಹೊಲದಲ್ಲಿ ಸ್ಟೇ ವೈರಿನ ಕಂಬ ನಿಲ್ಲಿಸುವುದು ಸರಿಯಾದ ದಾರಿ. ನಿಮ್ಮದು ಎರೆಭೂಮಿ; ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಆ ಮಣ್ಣಿನಲ್ಲಿ ಸ್ಟೇ ವೈರನ್ನು ನೆಲಕ್ಕೆ ಹಿಡಿಯುವ ಆಂಕರ್ ಆಳಕ್ಕೆ ಇಳಿಯಬೇಕು, ಮುಂಗಾರಿಗೆ ಮೊದಲೂ ಅನಂತರವೂ ವೈರನ್ನು ಬಿಗಿಗೊಳಿಸುವ ಟರ್ನ್‌ಬಕಲ್‌ಗಳ ಬಿಗಿ ನೋಡಬೇಕು.

ಇನ್ನೊಬ್ಬ ಸದಸ್ಯರು (ಚಿತ್ರದುರ್ಗ): ನಮ್ಮ ಯಂತ್ರದಲ್ಲಿ ನಡುಕವಿಲ್ಲ, ಆದರೆ ಮಧ್ಯಾಹ್ನದ ಹೊತ್ತು ಇದ್ದಕ್ಕಿದ್ದಂತೆ ಸುಂಯ್ ಎಂದು ಸೀಟಿ ಹೊಡೆದಂತೆ ಕೂಗುತ್ತದೆ. ಸೋಲಾರ್ ಪ್ಯಾನೆಲ್ ಕೂಡ ಇದೆ, ಬ್ಯಾಟರಿಯ ಚಾರ್ಜನ್ನು ನಿಯಂತ್ರಿಸಲು ಎರಡಕ್ಕೂ ಒಂದೇ ಕಂಟ್ರೋಲರ್.

ಉತ್ತರ: ಬಿಸಿಲು ಮತ್ತು ಗಾಳಿ ಸೇರಿ ಬ್ಯಾಟರಿ ತುಂಬಿದ ಹೊತ್ತು ಅದು. ಬರೀ ಸೋಲಾರಿಗೆಂದು ಮಾಡಿದ ಕಂಟ್ರೋಲರ್ ಬ್ಯಾಟರಿ ತುಂಬಿದಾಗ ಸಂಪರ್ಕವನ್ನು ಕಡಿದುಬಿಡುತ್ತದೆ. ಪ್ಯಾನೆಲಿಗೆ ಅದರಿಂದ ತೊಂದರೆಯಿಲ್ಲ. ಗಾಳಿಯಂತ್ರಕ್ಕೆ ಮಾತ್ರ ಅದು ಕಡಿವಾಣ ಬಿಚ್ಚಿದಂತೆ, ರೆಕ್ಕೆಯ ತುದಿಯ ವೇಗ ಏರಿ ಆ ಕೂಗು ಹುಟ್ಟುತ್ತದೆ. ಹೆಚ್ಚುವರಿ ವಿದ್ಯುತ್ತನ್ನು ಡಂಪ್ ಲೋಡ್ ಹೀಟರಿಗೆ ತಿರುಗಿಸುವ, ಗಾಳಿಯಂತ್ರಕ್ಕೆಂದೇ ಇರುವ ಕಂಟ್ರೋಲರನ್ನು ಹಾಕಿಸಿ. ಅಲ್ಲಿಯವರೆಗೆ ಬೆಳಿಗ್ಗೆ ಗಾಳಿ ತಗ್ಗಿದ ಗಳಿಗೆ ನೋಡಿ ಬ್ರೇಕ್ ಹಾಕಿಟ್ಟಿರಿ. ಕೂಗು ಶುರುವಾದ ಮೇಲೆ ಹಾಕಿದರೆ ಯಂತ್ರ ನಿಲ್ಲದೆಯೂ ಹೋಗಬಹುದು, ಸುರುಳಿ ಸುಡಲೂಬಹುದು.