ಸಹಾಯ ಬೇಕು: ಸ್ಟೀರಾಯ್ಡ್ ಡೋಸ್ ಏರಿಸಿದ ಮೇಲೆ ಅವ್ವನಿಗೆ ವಿಪರೀತ ಗಾಬರಿ

ಎಲ್ಲರಿಗೂ ನಮಸ್ಕಾರ ರೀ, ನಾವು ಗದಗಿನವರು. ಅವ್ವನಿಗೆ ಸಂಧಿವಾತ. ಪ್ರೆಡ್ನಿಸೋಲೋನ್ ಡೋಸ್ ಏರಿಸಿದ ಮೇಲೆ ಕೀಲುನೋವು ಇಳಿದಿದೆ, ಆದರೆ ನಿದ್ದೆ ಹಾರಿಹೋಗಿದೆ. ಎದೆ ಡವಡವ ಅನ್ನುತ್ತೆ ಅಂತಾಳೆ, ರಾತ್ರಿ ಎದ್ದೆದ್ದು ಬಾಗಿಲ ಚಿಲಕ ಮುಟ್ಟಿ ನೋಡುತ್ತಾಳೆ, ಅಣ್ಣ ಹುಬ್ಬಳ್ಳಿಯಿಂದ ಬರೋದು ಸ್ವಲ್ಪ ತಡವಾದರೂ ಅಳು. ಅವ್ವನ ಸ್ವಭಾವ ಇದಲ್ಲವೇ ಅಲ್ಲ. ಸ್ಟೀರಾಯ್ಡ್‌ನಿಂದ ಹೀಗಾಗಬಹುದು, ಹಾಗಂತ ಒಮ್ಮೆಲೇ ನಿಲ್ಲಿಸಬಾರದು ಅಂತ ಗೊತ್ತಿದೆ, ಅದಕ್ಕೇ ದಯವಿಟ್ಟು ಗುಳಿಗೆ ಬಿಡಿಸಿ ಕಷಾಯ ಕುಡಿಸಿ ಅನ್ನಬೇಡಿ. ಡಾಕ್ಟರು ಮಾತ್ರ ವಯಸ್ಸಾಯ್ತಲ್ಲ ಅಂತ ಸಾಗಹಾಕಿದರು. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ತೋರಿಸೋಣ ಅಂದರೆ "ನನಗೇನು ಹುಚ್ಚು ಹಿಡಿದೈತೇನು?" ಅಂತ ಸಿಟ್ಟಾಗುತ್ತಾಳೆ. ಅಲ್ಲಿ ತೋರಿಸಿದವರಿದ್ದರೆ ಹೇಳಿ, ಬೇರೆ ಡಾಕ್ಟರ ಚೀಟಿ ಬೇಕಾ? ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ, ಡೋಸ್ ಇಳಿಸಿದ ಮೇಲೆ ಗಾಬರಿ ಎಷ್ಟು ದಿನಕ್ಕೆ ತಗ್ಗಿತು? ಮಾನಸಿಕ ಆರೋಗ್ಯದ ಸಹಾಯವಾಣಿ 14416 ಟೆಲಿ ಮಾನಸ್‌ಗೆ ಫೋನ್ ಹಚ್ಚಿದವರೂ ತಿಳಿಸಿ.