ವಾರದ ನಡುವಿನ ರಾತ್ರಿಗೆ ಪಾಸ್ತಾ: ಪುಸ್ತಕದಲ್ಲಿ ಬರೆದಷ್ಟು ಹೊತ್ತು ಬೇಕಿಲ್ಲ

ಆಫೀಸ್ ಮುಗಿಸಿ, ಡೇಕೇರಿನಿಂದ ಮಗಳನ್ನು ಕರೆದುಕೊಂಡು ಮನೆ ಸೇರುವಷ್ಟರಲ್ಲಿ ಆರೂವರೆ, ಪುಸ್ತಕ ನೋಡಿ ಪಾಸ್ತಾ ಮಾಡಿದರೆ ಊಟಕ್ಕೆ ಎಂಟೂವರೆ, ಅಷ್ಟರಲ್ಲಿ ಮಗು ನಿದ್ದೆ ಹೋಗಿರುತ್ತದೆ ಅಂತ ನೀವು ಹೊರದೇಶದಿಂದ ಬರೆದಿದ್ದಿರಿ. ಓದಿ ಸುಮ್ಮನಿರಲು ಆಗಲಿಲ್ಲ. ನಾವು ಹೊರದೇಶ ಬಿಟ್ಟು ಮೈಸೂರಿಗೆ ವಾಪಸ್ ಬಂದರೂ ಮಕ್ಕಳಿಗೆ ವಾರಕ್ಕೊಂದು ರಾತ್ರಿ ಪಾಸ್ತಾ ಬೇಕೇ ಬೇಕು. ಅಲ್ಲಿ ಹುಟ್ಟಿ ಬೆಳೆದ ಮಕ್ಕಳು, ಆ ರುಚಿ ಅಷ್ಟು ಬೇಗ ಹೋಗುತ್ತದೆಯೇ? ಈಗ ನಮ್ಮತ್ತೆಯೂ ಅವರ ಜೊತೆ ಕೂತು ಅದನ್ನೇ ತಿನ್ನುತ್ತಾರೆ.

ಪುಸ್ತಕದಲ್ಲಿ ಒಂದೂವರೆ ಗಂಟೆ ಅಂತಿದ್ದರೆ, ಆ ಹೊತ್ತು ಎಲ್ಲಿ ಹೋಗುತ್ತದೆ ಅಂತ ಮೊದಲು ನೋಡಿ. ರುಚಿ ಬರುವ ಹಂತವನ್ನು ಮುಟ್ಟಬೇಡಿ. ಉಳಿದದ್ದನ್ನು ಭಾನುವಾರವೇ ಮುಗಿಸಿಡಿ, ಇಲ್ಲವೇ ಕೈಬಿಡಿ.

ಬೊಲೊನ್ಯೀಸ್ ಅನ್ನುವ ಕೈಮಾ ಸಾಸನ್ನೇ ತಗೊಳ್ಳಿ. ಈರುಳ್ಳಿ, ಕ್ಯಾರೆಟ್, ಸೆಲರಿ ಸಣ್ಣಗೆ ಹೆಚ್ಚಿ ಬಾಡಿಸಿ, ಕೈಮಾ ಹಾಕಿ, ಎರಡು ಮೂರು ಗಂಟೆ ಸಣ್ಣ ಉರಿಯಲ್ಲಿ ಕುದಿಸಬೇಕು. ಮಾಂಸ ಮೆತ್ತಗಾಗಿ ರಸ ಇಂಗಲಿ ಅಂತ ಅಷ್ಟು ಹೊತ್ತು. ಆದರೆ ನಮ್ಮೆಲ್ಲರ ಮನೆಯಲ್ಲೂ ಕುಕ್ಕರ್ ಇದೆ, ಅಲ್ವಾ? ಕೈಮಾದ ನೀರೆಲ್ಲ ಆರಿ, ತಳದಲ್ಲಿ ಕಂದು ಬಣ್ಣ ಹಿಡಿಯುವವರೆಗೆ ಹುರಿಯುವುದನ್ನು ಮಾತ್ರ ಅವಸರ ಮಾಡಬೇಡಿ. ರುಚಿಯೆಲ್ಲ ಅಲ್ಲೇ ಇರುವುದು. ಆಮೇಲೆ ಟೊಮೆಟೊ ಹಾಕಿ, ಮುಚ್ಚಳ ಮುಚ್ಚಿ ಕಾಲು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ, ತೆಗೆದು ಸ್ವಲ್ಪ ಗಟ್ಟಿಯಾಗಲು ಬಿಡಿ. ಮಾಂಸ ತಿನ್ನದವರು ಇಡೀ ಮಸೂರ್ ಕಾಳಿನಲ್ಲಿ ಇದನ್ನೇ ಮಾಡಬಹುದು. ಭಾನುವಾರ ಜಾಸ್ತಿ ಮಾಡಿ, ಒಂದೊಂದು ಊಟಕ್ಕಾಗುವಷ್ಟು ಡಬ್ಬಿಗೆ ತುಂಬಿ ಫ್ರೀಜರಿಗೆ ಹಾಕಿದರೆ ಇನ್ನೂ ಒಳ್ಳೆಯದು.

ಟೊಮೆಟೊ ಡಬ್ಬಿಯದಾದರೂ ಏನೂ ಬೇಸರ ಬೇಡ, ಈ ಸಾಸಿಗೆ ಅದು ಚೆನ್ನಾಗಿಯೇ ಒಗ್ಗುತ್ತದೆ. ಇಲ್ಲಿ ನಾನು ನಾಟಿ ಟೊಮೆಟೊ ಹಾಕುತ್ತೇನೆ. ಅದರ ಹುಳಿ ಜೋರು, ಹಾಗಾಗಿ ಚೂರು ಮಂಡ್ಯದ ಬೆಲ್ಲ ಬೀಳುತ್ತದೆ.

ಇನ್ನು ನೀರು. 100 ಗ್ರಾಂ ಪಾಸ್ತಾಗೆ 1 ಲೀಟರ್ ನೀರು, 10 ಗ್ರಾಂ ಉಪ್ಪು ಅನ್ನುವುದು ಹಳೆಯ ಲೆಕ್ಕ. ನಾಲ್ಕು ಜನಕ್ಕೆ ಅಷ್ಟು ನೀರು ಕಾಯುವಷ್ಟರಲ್ಲೇ ಮಕ್ಕಳು ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿರುತ್ತಾರೆ. ಪೆನ್ನೆ, ಫುಸಿಲಿಯಂಥ ಚಿಕ್ಕ ಪಾಸ್ತಾಗೆ ಅರ್ಧದಷ್ಟು ನೀರು ಸಾಕು. ಕೆಟಲಿನಲ್ಲಿ ಕಾಯಿಸಿ ಸುರಿಯಿರಿ, ಮೊದಲ ಎರಡು ನಿಮಿಷ ಬಿಡದೆ ತಿರುವಿ, ಅಂಟಿಕೊಳ್ಳುವುದಿಲ್ಲ. ಉಪ್ಪನ್ನೂ ಅರ್ಧ ಮಾಡಿ, ಪುಟ್ಟ ಮಕ್ಕಳಿದ್ದರೆ ಇನ್ನೂ ಕಡಿಮೆ. ನೀರಿಗೆ ಎಣ್ಣೆ ಬೇಡವೇ ಬೇಡ, ಸಾಸ್ ಜಾರಿ ಹೋಗುತ್ತದೆ. ಬಸಿಯುವ ಮುಂಚೆ ಒಂದು ಲೋಟ ನೀರು ಎತ್ತಿಟ್ಟುಕೊಳ್ಳಿ. ಕಡಿಮೆ ನೀರಲ್ಲಿ ಬೆಂದದ್ದರಿಂದ ಅದು ಗಂಜಿಯ ಹಾಗೆ ಮಂದವಾಗಿರುತ್ತದೆ. ಪಾಸ್ತಾ ಇನ್ನೊಂದು ನಿಮಿಷ ಬೇಯಬೇಕು ಅನ್ನುವಾಗಲೇ ಸಾಸಿನ ಬಾಣಲೆಗೆ ಹಾಕಿ, ಈ ನೀರು ಸ್ವಲ್ಪ ಸ್ವಲ್ಪ ಬೆರೆಸುತ್ತಾ ತಿರುವಿ. ತಳದಲ್ಲಿ ನೀರು ನಿಲ್ಲದೆ ಸಾಸ್ ಪಾಸ್ತಾಗೆ ಹತ್ತಿಕೊಂಡರೆ ಆಯಿತು. ಮೈಸೂರು 700 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಇಲ್ಲಿ ನೀರು 97–98 ಡಿಗ್ರಿಗೇ ಕುದಿಯುತ್ತದೆ. ಅದಕ್ಕೇ ಪೊಟ್ಟಣದ ಮೇಲೆ ಬರೆದದ್ದಕ್ಕಿಂತ ಚೂರು ಹೆಚ್ಚು ಹೊತ್ತು ಬೇಯಿಸುತ್ತೇನೆ. ರಜೆಗೆ ಬಂದಾಗ ನೆನಪಿರಲಿ.

ಮಕ್ಕಳಿಗೊಂದು, ದೊಡ್ಡವರಿಗೊಂದು ಅಂತ ಎರಡು ಅಡುಗೆ ಮಾಡುವುದನ್ನು ನಿಲ್ಲಿಸಿ. ದಣಿಸುವುದು ಅದೇ. ಬೆಳ್ಳುಳ್ಳಿ ಪಾಸ್ತಾ ಮಾಡುವಾಗ ತೆಳ್ಳಗೆ ಹೆಚ್ಚಿದ ಬೆಳ್ಳುಳ್ಳಿಯನ್ನು ತಣ್ಣನೆಯ ಎಣ್ಣೆಗೇ ಹಾಕಿ ಸಣ್ಣ ಉರಿ ಹಚ್ಚಿ. ಅಂಚು ಹೊಂಬಣ್ಣಕ್ಕೆ ತಿರುಗಿದ ತಕ್ಷಣ ಇಳಿಸಿ, ಕಪ್ಪಾದರೆ ಕಹಿ. ಮಕ್ಕಳ ಪಾಲು ತೆಗೆದಿಟ್ಟು, ಉಳಿದದ್ದಕ್ಕೆ ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕಿ.

ಇದನ್ನೆಲ್ಲ ತಿನ್ನಿಸಿದರೆ ಮಕ್ಕಳು ಮುದ್ದೆ, ಸಾರು ಮರೆಯುತ್ತಾರೆ ಅಂತ ಕೆಲವರು ಬರೆದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅರ್ಧ ಗಂಟೆಯಲ್ಲಿ ಅಡುಗೆ ಮುಗಿದರೆ ಉಳಿದ ಹೊತ್ತು ಮಕ್ಕಳ ಜೊತೆ ಕೂತು ಕನ್ನಡದಲ್ಲಿ ಮಾತಾಡಬಹುದು.

ನಮ್ಮ ಮನೆಯಲ್ಲಿ ಎಲ್ಲರಿಗೂ ತುಂಬಾ ಇಷ್ಟವಾದದ್ದು ಅವರೆಕಾಳಿನ ಪಾಸ್ತಾ. ಇಟಲಿಯವರು ಬೀನ್ಸ್ ಕಾಳು, ಪಾಸ್ತಾ ಸೇರಿಸಿ ಗಟ್ಟಿ ಸೂಪಿನ ಹಾಗೆ ಮಾಡುತ್ತಾರೆ. ಡಿಸೆಂಬರ್, ಜನವರಿಯಲ್ಲಿ ದೇವರಾಜ ಮಾರುಕಟ್ಟೆಯಲ್ಲಿ ಅವರೆಕಾಯಿ ಬಂದಾಗ ನಾನು ಹಿತಕಿದ ಬೇಳೆ ಹಾಕುತ್ತೇನೆ. ನೆನೆದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪಚಕ್ಕನೆ ಹಾರುತ್ತದೆ. ಮಕ್ಕಳು ಈ ಕೆಲಸಕ್ಕೆ ಜಗಳವಾಡುತ್ತಾರೆ. ಬೆಳ್ಳುಳ್ಳಿ, ಒಂದು ಟೊಮೆಟೊ ಬಾಡಿಸಿ, ಬೇಳೆ ಬೇಯಿಸಿ, ಸ್ವಲ್ಪವನ್ನು ಸೌಟಿನಿಂದ ಮಸೆಯಿರಿ. ಅದೇ ಪಾತ್ರೆಗೆ ಬೇಕಾದಷ್ಟು ನೀರು, ಚಿಕ್ಕ ಪಾಸ್ತಾ. ಕೊನೆಗೆ, ಇಟಲಿಯವರು ಹಾಕುವ ರೋಸ್‌ಮೆರಿ ಅನ್ನುವ ಘಮದ ಸೊಪ್ಪಿನ ಬದಲು ಸಬ್ಬಸಿಗೆ ಸೊಪ್ಪು. ತೊಳೆಯಲು ಒಂದೇ ಪಾತ್ರೆ.

ನಿಮಗೆ ಅಲ್ಲಿ ತಾಜಾ ಅವರೆ ಸಿಗದಿದ್ದರೆ ಇಂಡಿಯನ್ ಸ್ಟೋರಿನ ಫ್ರೀಜರಿನಲ್ಲಿ ಪಾಪಡಿ ಲಿಲ್ವಾ ಅಂತ ಬರೆದ ಪೊಟ್ಟಣ ಹುಡುಕಿ. ಹಿತಕಲು ಪುರುಸೊತ್ತಿಲ್ಲದಿದ್ದರೆ ಸಿಪ್ಪೆ ಸಮೇತ ಹಾಕಿ, ಪಾಸ್ತಾ ಹಾಕುವ ಮುಂಚೆ ಕಾಳು ಪೂರ್ತಿ ಮೆತ್ತಗಾಗಿದೆಯೇ ಅಂತ ಒಂದನ್ನು ಒತ್ತಿ ನೋಡಿಕೊಳ್ಳಿ.